ಬಾಗಿಲಿಗೆ ಬರೆದ ತಲೆಬರಹ

ಧಾರವಾಡದ ಬಾಗಿಲುಗಳು ಈಗ ಬಡಿದರೆ ತೆರೆಯುವುದಿಲ್ಲ. ಬಂದವರು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡ ನಾಲ್ಕು ಸಾಲಿನ ತಲೆಬರಹವನ್ನು ಓದುತ್ತವೆ: ಯಾರು, ಎಲ್ಲಿಂದ ಬಂದಿದ್ದಾರೆ, ಯಾವ ಭಾಷೆ ಬೇಕು, ಏನು ತೆಗೆದುಕೊಳ್ಳುತ್ತಾರೆ. ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುತ್ತವೆ.

ಮಗನ ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂದು ಮುನಿಸಿಕೊಂಡಿದ್ದ ನೀಲವ್ವ, ಈ ಹೋಳಿ ಹುಣ್ಣಿಮೆಗೆ ತಾನಾಗಿಯೇ ಬೀಗತಿ ಗೌರವ್ವನ ಮನೆಗೆ ಬಂದಳು. ಮರ್ಯಾದಸ್ಥ ಹೆಂಗಸಾದ್ದರಿಂದ ತಲೆಬರಹದ ಕೊನೆಯ ಸಾಲಿನಲ್ಲಿ ‘ಏನೂ ಬ್ಯಾಡ್ರಿ, ಈಗ ಆತು’ ಎಂದು ಬರೆದಿದ್ದಳು.

ಬಾಗಿಲು ಓದಿತು. "ಏನೂ ಬ್ಯಾಡಂದ್ರಿ. ಆತ್ರಿ, ಹೋಗಿ ಬರ್ರಿ" ಎಂದು ಮುಚ್ಚಿಕೊಂಡೇ ಉಳಿಯಿತು.

"ಇದಕ್ಕ ಯಾರೂ ರೀತಿ ರಿವಾಜ ಕಲಿಸಿಲ್ಲೇನು" ಎಂದು ಗೊಣಗುತ್ತ ನೀಲವ್ವ ಕಟ್ಟೆಯ ಮೇಲೆ ಕುಳಿತಳು. ಹಾಗಂತ ‘ಚಾ ಬೇಕು’ ಎಂದು ಬರೆಯುವುದೇ? ಗಂಡಿನ ತಾಯಿ ಬಾಯಿಬಿಟ್ಟು ಕೇಳುವುದುಂಟೇ? ಸುಮ್ಮನೆ ಎದ್ದು ಹೋದರೆ ಮುನಿಸು ಇನ್ನೊಂದು ವರ್ಷ ಬೆಳೆಯುತ್ತದೆ. ಬಹಳ ಯೋಚಿಸಿ ಸಾಲನ್ನು ತಿದ್ದಿದಳು: ‘ಎರಡು ಸಲ ಬ್ಯಾಡ ಅಂತೀನಿ. ಮೂರನೇ ಸಲ ಕೇಳ್ರಿ.’

"ಚಾ ತಗೊಂತೀರೇನ್ರಿ?" ಎಂದಿತು ಬಾಗಿಲು.

"ಬ್ಯಾಡ್ರಿ."

"ಒಂದೀಟು?"

"ಛೆ, ಈಗ ಆತ್ರಿ."

"ಅರ್ಧಾ ಕಪ್ಪರ ತಗೋರಿ."

ನೀಲವ್ವ ಸೆರಗು ಸರಿಮಾಡಿಕೊಂಡಳು. "ಇಷ್ಟ ಹೇಳಿದ ಮ್ಯಾಲ ಇಲ್ಲ ಅನ್ನಾಕ ಆಗ್ತದೇನ್ರಿ."

ಬಾಗಿಲು ತೆರೆಯಿತು. ಎದುರಿಗೇ ಗೌರವ್ವ ನಿಂತಿದ್ದಳು. ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಬರ್ರಿ" ಎಂದಳು. "ನೀವು ಮೊದಲನೇ ಸಲ ಬ್ಯಾಡ ಅಂದಾಗನ ಚಾಕ್ಕ ಇಟ್ಟಿದ್ದೆ."

ಇನ್ನೊಂದು ಕೈಯ ತಟ್ಟೆಯಲ್ಲಿ ಹೋಳಿಗೆ ಕಾಣದಷ್ಟು ತುಪ್ಪವಿತ್ತು.