ಸೊಸೆ ಕೇಳಿದ ಮೀನು

“ಇದ್ರ ಬಾಯಲ್ಲಿ ಹಿಡ್ಸೋದೆಲ್ಲ ಇದ್ರ ಊಟ ಕಣಮ್ಮ,” ಎಂದ ಸಾಕುಮೀನಿನ ಅಂಗಡಿಯ ಕೃಷ್ಣಪ್ಪ, ಗಾಜಿಗೆ ಬೆರಳಿಟ್ಟು. “ಜೊತೇಲಿ ಸಣ್ಣ ಮೀನು ಬಿಟ್ರೆ ಬೆಳಗಾಗೋದ್ರೊಳಗೆ ಖಾಲಿ.”

ಒಳಗಿದ್ದದ್ದು ಲಯನ್ ಫಿಶ್, ಗಿಡ್ಡ ಜಾತಿ. ಅಂಗೈಯಗಲದ ಮೈ, ಕೆಂಪು ಪಟ್ಟೆ, ಬೆನ್ನ ಮೇಲೆ ವಿಷದ ಮುಳ್ಳು. ಪಕ್ಕದ ತೊಟ್ಟಿಯಲ್ಲಿ ಹಾಕ್ ಫಿಶ್. ಬೆರಳುದ್ದ ಇದ್ದರೂ ಕಲ್ಲಿನ ಮೇಲೆ ಕೂತು ಹೊಂಚು ಹಾಕುತ್ತಿತ್ತು. ಯಾವುದನ್ನು ಆರಿಸುವುದೋ ಮೇಘಶ್ರೀಗೆ ತಿಳಿಯಲಿಲ್ಲ. ಮಲ್ಲಿಪಟ್ಟಣದ ಹುಡುಗಿ, ಕೆರೆಮೀನು ಬಿಟ್ಟರೆ ಉಳಿದದ್ದನ್ನೆಲ್ಲ ನೋಡಿದ್ದು ಫೋನಿನಲ್ಲಿ. ಎರಡು ತಿಂಗಳ ಹಿಂದೆ ಊಟದ ನಡುವೆ ಅದರಲ್ಲೊಂದು ಬಣ್ಣದ ಮೀನು ನೋಡಿ “ಎಷ್ಟು ಚೆಂದಾಗೈತೆ” ಅಂದಿದ್ದಳು, ಅಷ್ಟೇ. ಮಾರನೆಯ ದಿನ ಅತ್ತೆ ಚಿಕ್ಕಲಕ್ಷ್ಮಮ್ಮ ಹಾಸನದ ಮನೆಗೆ ದೊಡ್ಡ ಗಾಜಿನ ತೊಟ್ಟಿ ತರಿಸಿದ್ದಳು, ಸಮುದ್ರದ ಉಪ್ಪಿನ ಸಮೇತ. ಉಪ್ಪುನೀರು ಹದಕ್ಕೆ ಬಂದದ್ದು ಈಗ.

ಮೇಘಶ್ರೀಗೆ ಅನುಮಾನ ಹುಟ್ಟಿಸಿದ್ದೂ ಇದೇ. ಮದುವೆಯಾಗಿ ಐದು ತಿಂಗಳು. ಅತ್ತೆ ಒಂದು ಸಲವೂ ಇಲ್ಲ ಅಂದಿಲ್ಲ. ರೇಷ್ಮೆ ಸೀರೆ, ಸ್ಕೂಟರ್, ಸಮುದ್ರ ನೋಡಬೇಕೆಂದರೆ ಮಂಗಳೂರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಈ ಮನೆಯಲ್ಲಿ ಎರಡು ಕಾಲವೂ ಸೊಸೆಯದೇ! ತಂದೆತಾಯಿ ಇಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದವಳನ್ನು ಏನೂ ಕೇಳದೆ, ಹದಿನೈದೇ ದಿನದಲ್ಲಿ ತಂದುಕೊಂಡಿದ್ದರು. “ಹುಡುಗುನಲ್ಲೇನೋ ಐಬೈತೆ ಕಣ್ರೇ” ಎಂದು ಊರ ಹೆಂಗಸರು ಪಿಸುಗುಟ್ಟಿದ್ದರು. ಐಬೇನೂ ಕಾಣಲಿಲ್ಲ. ಗಂಡ ಅನಿಲ್‌ಕುಮಾರ್ ಗಟ್ಟಿಮುಟ್ಟಾದ ಆಳು. ಮಾತು ಕಡಿಮೆ, ಹೆಂಡತಿಯ ಮುಖ ನೋಡುವುದು ಇನ್ನೂ ಕಡಿಮೆ.

“ಇದ್ಕೆ ಸೀಗಡಿ ತಂದು ಹಾಕ್ತಿರಬೇಕಂತೆ ಅತ್ತೆ. ಬ್ಯಾಡ ಬುಡಿ.”

“ಬ್ಯಾಡ ಅನ್ಬ್ಯಾಡ ಕಣವ್ವ. ಮನ್ಸಲ್ಲಿ ಏನೂ ಇಟ್ಕಬ್ಯಾಡ. ಬಾಯ್ಬುಟ್ಟು ಕೇಳು,” ಎಂದಳು ಪಕ್ಕದಲ್ಲೇ ನಿಂತಿದ್ದ ಚಿಕ್ಕಲಕ್ಷ್ಮಮ್ಮ.

“ಚೆನ್ನಾಗಿ ನೋಡ್ಕಂಡ್ರೆ ಹತ್ತು ವರ್ಷ ಬದುಕ್ತದೆ,” ಎಂದ ಕೃಷ್ಣಪ್ಪ.

“ಅಷ್ಟು ವರ್ಷ ಯಾರಪ್ಪಾ ನೋಡ್ಕಳರು? ವರ್ಷೊಪ್ಪತ್ತು ಇರೋದಿದ್ರೆ ತೋರ್ಸು,” ಎಂದಳು ಅತ್ತೆ.

ಕೃಷ್ಣಪ್ಪ ನಕ್ಕ. ಮೇಘಶ್ರೀಯೂ ನಕ್ಕಳು. ಅನಿಲ್‌ಕುಮಾರ್ ಮಾತ್ರ ಕಾರಿನ ಕೀಲಿ ತಿರುಗಿಸುತ್ತಾ ಬಾಗಿಲ ಕಡೆ ನೋಡುತ್ತಿದ್ದ.

ಕೊನೆಗೆ ಅವಳು ಲಯನ್ ಫಿಶ್ಶನ್ನೇ ತೋರಿಸಿದಳು. ಕೃಷ್ಣಪ್ಪ ಅದನ್ನು ಡಬ್ಬಿಯಲ್ಲಿ ಹುಷಾರಾಗಿ ಹಿಡಿಯುವಷ್ಟರಲ್ಲಿ ಅತ್ತೆ ಫೋನ್ ಹಿಡಿದು ಹೊರಗೆ ಹೋಗಿದ್ದಳು.

ಮೇಘಶ್ರೀಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಅನ್ನ ಇಟ್ಟ ಕೈಯನ್ನೇ ಅನುಮಾನಿಸಿದ್ದಳಲ್ಲ! ಹೆತ್ತವಳ ಮುಖ ಅವಳಿಗೆ ನೆನಪಿಲ್ಲ. ಯಾರನ್ನಾದರೂ ಒಮ್ಮೆ ಅವ್ವಾ ಎಂದು ಕರೆಯಬೇಕು ಅನ್ನುವುದೊಂದೇ ಅವಳು ಇನ್ನೂ ಬಾಯಿಬಿಟ್ಟು ಹೇಳದ ಆಸೆ. ಇವತ್ತು ಕರೆದೇ ಬಿಡುವುದು ಎಂದು ಮೆಟ್ಟಿಲಿಳಿದಳು. ಅತ್ತೆ ಕಾರಿನಾಚೆ ಬೆನ್ನು ಮಾಡಿ ನಿಂತು, ಅರಕಲಗೂಡಿನ ತನ್ನ ಅಣ್ಣನ ಜೊತೆ ಮಾತಾಡುತ್ತಿದ್ದಳು. ಮೇಘಶ್ರೀ ಬಾಯಿ ತೆರೆದಳು.

“ಮೊದ್ಲನೇ ಎಂಡ್ತಿ ವರ್ಷ ತುಂಬ್ಸಾಕಿಲ್ಲ ಅಂತ ನಮ್ ಅನಿಲನ ಜಾತ್ಕದಲ್ಲೇ ಐತಲ್ಲಣ್ಣ, ಅದ್ಕೇ ಇವಳ್ನ ಮೊದ್ಲು ತಂದೆ, ನಿನ್ ಮಗಳು ಯಶಸ್ವಿನಿನ ಎರಡ್ನೇವಳಾಗಿ ತಕ್ಕಬತ್ತೀನಿ, ಇವಳು ಆಸೆ ಇಟ್ಕಂಡು ಸತ್ರೆ ದೆವ್ವಾಗಿ ಅವಳ್ನ ಕಾಡ್ತಾಳೆ ಅಂತ್ಲೇ ಕೇಳಿದ್ದೆಲ್ಲ ಕೊಡುಸ್ತಾ ಇವ್ನಿ.”