ಲಾಳ ಕಾಣದ ಎತ್ತು

ದನದ ಸಂತೆಯಲ್ಲಿ ರುದ್ರೇಗೌಡರು ಎತ್ತಿನ ಕಾಲು ಎತ್ತಿ ಗೊರಸು ನೋಡಿದರು. ಮೊಳೆ ಹೊಡೆದ ಗುರುತೇ ಇರಲಿಲ್ಲ.

“ಗೇದು ಸವೆದ ಎತ್ತು ನಂಗ್ ಬೇಡ ಕಣಯ್ಯ.”

“ಅಯ್ಯೋ ಗೌಡ್ರೇ, ಇನ್ನೂ ಗಾಡಿಗೇ ಹೂಡಿಲ್ಲ. ಲಾಳ ಅಂದ್ರೇನು ಅಂತ್ಲೇ ಇದಕ್ಕೆ ಗೊತ್ತಿಲ್ಲ,” ಎಂದ ಮಾರುವವನು.

“ಹಂಗಾದ್ರೆ ಇಲ್ಲೇ ಲಾಳ ಕಟ್ಟಿಸ್ಕೊಂಡು ಹೊಡ್ಕೊಂಡ್ ಹೋಗ್ತೀನಿ.”

ಲಾಳ ಕಟ್ಟುವವನು ಮೊದಲು ಗೊರಸು ಸವರಲು ಕರೆಂಟಿನ ಮೆಷಿನ್ ತಂದ.

“ಹುಷಾರಪ್ಪಾ, ಒದ್ದುಬಿಡ್ತದೆ! ನಾಕು ಜನ ಹಗ್ಗ ಹಾಕಿ ಕೆಡವಬೇಕಾಯ್ತದೆ,” ಎನ್ನುತ್ತಾ ಮಾರುವವನು ದೂರ ಸರಿದ.

ಮೆಷಿನ್ ಗುರ್ ಎಂದಿತು.

ಎತ್ತು ಮಂಡಿಯೂರಿ, ಪಕ್ಕಕ್ಕೆ ಮಲಗಿ, ನಾಲ್ಕೂ ಕಾಲು ಜೋಡಿಸಿ ಲಾಳದವನ ಮುಂದೆ ಚಾಚಿತು.