ಮೂರನೇ ಕೂಗು

ಅಂಬಿಗರ ದೇವಪ್ಪ ನಡುಹೊಳೆಯಲ್ಲಿ ತಳದ ಬಿರಡೆ ಕಿತ್ತ. ಕಲ್ಲು ತುಂಬಿದ್ದ ಹಳೇ ಮರದ ದೋಣಿಯೊಳಗೆ ತುಂಗಭದ್ರೆಯ ನೀರು ಏರತೊಡಗಿತು. ಸೇತುವೆ ಆದಮೇಲೆ ದೋಣಿ ದಂಡೆಯಲ್ಲೇ ಬಿದ್ದಿತ್ತು. ಮುಳುಗಿಸಿದರೆ ಮೀನುಗಳಿಗಾದರೂ ಮನೆಯಾದೀತು ಎಂದು ಮೀನುಗಾರರು ಕೇಳಿದಾಗ ಅವನೇ ಒಪ್ಪಿದ್ದ.

"ಸಾಕು ಕಾಕಾ, ಜಲ್ದಿ ಈ ಕಡೆ ಬರ್ರಿ," ಪಕ್ಕದ ತೆಪ್ಪದಿಂದ ಮೀನುಗಾರ ಅಂಬರೀಶ ಕೈಚಾಚಿದ.

"ತಡಿಯಪ್ಪಾ." ದೇವಪ್ಪ ಆಚೆ ದಂಡೆಗೆ ತಿರುಗಿ ಬಾಯಿಗೆ ಕೈ ಹಚ್ಚಿದ. "ಕಡೀ ದೋಣಿ! ಬರೋರು ಯಾರರ ಅದೀರೇನ್ರೀ?" ಮೂರು ಸಲ ಹೀಗೆ ಕೂಗದೆ ನಲವತ್ತು ವರ್ಷದಲ್ಲಿ ಒಂದು ಸಂಜೆಯೂ ಅವನು ದೋಣಿ ಕಟ್ಟಿದವನಲ್ಲ. ಆಚೆ ಬರೀ ಜಾಲಿಕಂಟಿ. ಎರಡನೇ ಕೂಗು ಸೇತುವೆಯ ಬಸ್ಸಿನ ಸದ್ದಿನಲ್ಲಿ ಅಡಗಿಹೋಯಿತು. ಮೂರನೆಯದರ ಹೊತ್ತಿಗೆ ನೀರು ಮೊಣಕಾಲಿಗೆ ಬಂದಿತ್ತು. ಅವನು ಕಿವಿಗೊಟ್ಟು ನಿಂತೇ ಇದ್ದ.

ಅಂಬರೀಶ ಮೆಲ್ಲಗೆ ಹೇಳಿದ, "ಯಾರೂ ಉಳದಿಲ್ಲ ಕಾಕಾ. ಎಲ್ಲಾರೂ ಮನಿ ಮುಟ್ಯಾರ."

ಆಗಷ್ಟೇ ದೇವಪ್ಪ ಅವನ ಕೈ ಹಿಡಿದ.